ಗಿಣಿಮೂಗ ಬಂದು ನನ್ನ ಪಂಚಾಯಿತಿ ಮುಚ್ಚಿಸಿದ್ದು

ಮನುಷ್ಯ ತನ್ನ ಕಾಯಿಲೆಗಳನ್ನು ಹೇಳಿಕೊಳ್ಳುವುದರಲ್ಲಿ ಎಷ್ಟು ಧಾರಾಳಿಯೋ ತನ್ನ ಹೊಟ್ಟೆಕಿಚ್ಚನ್ನು ಹೇಳಿಕೊಳ್ಳುವುದರಲ್ಲಿ ಅಷ್ಟೇ ಜಿಪುಣ. ದೇವನಹಳ್ಳಿಯಲ್ಲಿ ನಾನು ಗುಮಾಸ್ತನಾಗಿರುವ ಕಚೇರಿಯನ್ನೇ ತೆಗೆದುಕೊಳ್ಳಿ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದಂತೆಯೇ ಒಬ್ಬೊಬ್ಬರೂ ತಮ್ಮ ಸಕ್ಕರೆ, ಬಿ.ಪಿ., ಮಂಡಿನೋವುಗಳನ್ನೂ ಡಬ್ಬಿಯ ಜೊತೆಗೇ ಬಿಚ್ಚುತ್ತಾರೆ. ಒಬ್ಬರಂತೂ ಮೊಸರನ್ನ ಕಲಸುತ್ತ ಕಲಸುತ್ತಲೇ ತಮ್ಮ ಮೂಲವ್ಯಾಧಿಯ ಇತಿಹಾಸವನ್ನು ಮೊದಲಿನಿಂದ ಹೇಳಿದ್ದಾರೆ. ಆದರೆ ಇಷ್ಟು ವರ್ಷದ ನೌಕರಿಯಲ್ಲಿ, "ನನಗೆ ಹೊಟ್ಟೆಕಿಚ್ಚು ಕಣ್ರೀ, ತಡೆಯೋಕೇ ಆಗ್ತಿಲ್ಲ" ಎಂದು ಯಾರೊಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ಇದೆ, ಯಾರಿಗೂ ಇಲ್ಲ. ಆ ಸಂಕೋಚ ಮುರಿಯುವ ಮೊದಲಿಗ ನಾನೇ ಆಗಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು ಇದೆ. ಈಗ ಕೆಲವು ತಿಂಗಳಿಂದ ಅದು ಬಹಳ ಜೋರಾಗಿದೆ.

ಯಾರ ಮೇಲೆ ಎಂದು ಹೇಳುವುದಕ್ಕೇ ಸ್ವಲ್ಪ ನಾಚಿಕೆ. ಪಕ್ಕದ ಮನೆಯವರ ಕಾರಿನ ಮೇಲಾಗಿದ್ದರೆ, ಸಹೋದ್ಯೋಗಿಯ ಬಡ್ತಿಯ ಮೇಲಾಗಿದ್ದರೆ ನಾಲ್ಕು ಜನ ಒಪ್ಪುವಂತಿರುತ್ತಿತ್ತು. ನನ್ನ ವಿಷಯ ಹಾಗಲ್ಲ. ನನ್ನ ತಾಯಿಯೂ ನನ್ನ ಹೆಂಡತಿಯೂ ಅನ್ಯೋನ್ಯವಾಗಿದ್ದಾರೆ. ಅದಕ್ಕೇ ನನಗೆ ಹೊಟ್ಟೆಕಿಚ್ಚು.

ನೀವು ನನ್ನನ್ನು ನೀಚ ಎಂದು ತೀರ್ಮಾನಿಸುವ ಮೊದಲು ಪೂರ್ತಿ ಕೇಳಿ. ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆತನ. ಅಪ್ಪ ಇರುವಷ್ಟು ದಿನ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ವಿದ್ಯುತ್ ಮಗ್ಗಗಳು ನಡೆಯುತ್ತಿದ್ದವು. ಒಂದನ್ನು ಅಪ್ಪ ನೋಡಿಕೊಂಡರೆ ಇನ್ನೊಂದನ್ನು ಅಮ್ಮ. ಅಪ್ಪ ಹೋದ ಮೇಲೆ ಮಗ್ಗಗಳೂ ಹೋದವು. ಅಮ್ಮನಿಗೆ, ಅಂದರೆ ನಂಜಮ್ಮನವರಿಗೆ, ಈಗ ಎಪ್ಪತ್ತನಾಲ್ಕು. ಹೆಂಡತಿ ಸುಮಿತ್ರ ನೆಲಮಂಗಲದ ಕಡೆಯವಳು. ಅವಳು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ಈ ಇಪ್ಪತ್ತೆರಡು ವರ್ಷವೂ ಇಬ್ಬರೂ ಜಗಳವಾಡಿದವರಲ್ಲ, ಕೂಗಾಡಿದವರಲ್ಲ. ಆದರೆ ನೇರವಾಗಿ ನಾಲ್ಕು ಮಾತು ಆಡಿದವರೂ ಅಲ್ಲ. ಏನಿದ್ದರೂ ನನ್ನ ಮೂಲಕ. ನಾನು ಸಂಜೆ ಬಸ್ಸಿಳಿದು ಮನೆ ಸೇರಿ ಚಪ್ಪಲಿ ಬಿಡುತ್ತಿದ್ದಂತೆ ಬಾಗಿಲ ಪಕ್ಕದ ಕುರ್ಚಿಯಿಂದ ಅಮ್ಮ, "ನಿನ್ನ ಹೆಂಡ್ತಿಗೆ ಒಂಚೂರು ಹೇಳಪ್ಪ, ಕಿಟಕಿ ತೆಗೆದಿಟ್ರೆ ರಸ್ತೆ ಧೂಳೆಲ್ಲ ಮನೆಗೇ ಬರುತ್ತೆ" ಎನ್ನುವಳು. ಅಡುಗೆಮನೆಗೆ ಹೋದರೆ ಸುಮಿತ್ರ, "ನಿಮ್ಮಮ್ಮನಿಗೆ ಹೇಳ್ರೀ, ಕಿಟಕಿ ಮುಚ್ಚಿದ್ರೆ ಒಗ್ಗರಣೆ ಹೊಗೆ ಎಲ್ಲಿ ಹೋಗ್ಬೇಕು?" ಎನ್ನುವಳು. ಬಸ್ಸಾರಿಗೆ ಹುಣಸೆ ಎಷ್ಟು, ಹಾಲಿನವನಿಗೆ ಯಾರು ಬಾಗಿಲು ತೆಗೆಯಬೇಕು, ಮಗಳ ಜಡೆಗೆ ಎಣ್ಣೆ ಹಾಕಬೇಕೋ ಬೇಡವೋ, ಎಲ್ಲವೂ ನನ್ನ ಮುಂದೆ ಬಂದು, ನನ್ನ ಷರಾದೊಂದಿಗೆ ಮುಂದೆ ಹೋಗುತ್ತಿದ್ದವು. ಕಚೇರಿಯಲ್ಲೂ ನನ್ನ ಕೆಲಸ ಅದೇ. ಒಂದು ಮೇಜಿನಿಂದ ಬಂದ ಕಡತವನ್ನು ಇನ್ನೊಂದು ಮೇಜಿಗೆ ಕಳಿಸುವುದು. ಅಲ್ಲಿ ನನ್ನನ್ನು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಮಾತ್ರ ನಾನಿಲ್ಲದೆ ಒಂದು ಕಡತವೂ ಅಲುಗುತ್ತಿರಲಿಲ್ಲ.

ಹೊರಗೆ ಮಾತ್ರ ನಾನು ಇದನ್ನು ದೊಡ್ಡ ಕಷ್ಟವೆಂದೇ ಹೇಳಿಕೊಳ್ಳುತ್ತಿದ್ದೆ. ಊಟದ ಹೊತ್ತಿಗೆ ನನ್ನ ಪಕ್ಕ ಕೂರುವ ರಂಗಪ್ಪ ಸಾಸಲು ಕಡೆಯವನು. ಹೊಲ, ಹಸು, ನೌಕರಿ ಮೂರನ್ನೂ ನಿಭಾಯಿಸುವ ಗಟ್ಟಿ ಆಸಾಮಿ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ, "ಏನಪ್ಪಾ ಮೂರ್ತಿ, ಇವತ್ತೇನು ನಿಮ್ಮನೇಲಿ?" ಎಂದು ಕೇಳುವನು. ನಾನು ನಿಟ್ಟುಸಿರು ಬಿಟ್ಟು ಶುರು ಮಾಡುವೆ. ಅಮ್ಮನ ಧ್ವನಿಯಲ್ಲಿ ಅಮ್ಮನ ಮಾತು, ಸುಮಿತ್ರಳ ಧ್ವನಿಯಲ್ಲಿ ಸುಮಿತ್ರಳ ಮಾತು. ಪಕ್ಕದ ವಿಭಾಗದವರೂ ಕುರ್ಚಿ ಎಳೆದುಕೊಂಡು ಬರುತ್ತಿದ್ದರು. ಕೊನೆಗೆ ರಂಗಪ್ಪ, "ನಿನ್ನ ತಾಳ್ಮೆ ದೊಡ್ಡದು ಬಿಡು ಗುರು" ಎಂದು ತನ್ನ ಡಬ್ಬಿಯಿಂದ ಒಂದು ಹುರಿದ ಮೆಣಸಿನಕಾಯಿಯನ್ನು ನನ್ನ ಡಬ್ಬಿಗೆ ಹಾಕುವನು. ಅದು ನನಗೆ ಸಿಗುತ್ತಿದ್ದ ಏಕೈಕ ಸರ್ಕಾರೇತರ ಪುರಸ್ಕಾರ.

ಇಂಥ ಸುಸ್ಥಿತಿಯಲ್ಲಿದ್ದ ಮನೆಗೆ ದಸರಾ ರಜೆಯಲ್ಲಿ ಒಂದು ಪೆಟ್ಟಿಗೆ ಬಂತು. ಸುಮಿತ್ರಳ ತಮ್ಮ ಹೊಸ ಗೇಮ್ ಪೆಟ್ಟಿಗೆ ಕೊಂಡನಂತೆ. ಹಳೆಯದನ್ನು, "ಮೇಘಂಗೆ ಇರ್ಲಿ ಭಾವ" ಎಂದು ನೆಲಮಂಗಲದಿಂದ ತಂದು ಕೊಟ್ಟು ಹೋದ. ಮೇಘ ನಮ್ಮ ಮಗಳು. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ರಜೆಗೆ ಬಂದಿದ್ದವಳು ಅದನ್ನು ಟೀವಿಗೆ ಸಿಕ್ಕಿಸಿ, ಅದರಲ್ಲಿದ್ದ ಆಟಗಳಲ್ಲಿ ಒಂದನ್ನು ಶುರು ಮಾಡಿದಳು. ನಾನು ಆಟ ಎಂದರೆ ಗುಂಡು ಹಾರಿಸುವುದು, ಕಾರು ಗುದ್ದಿಸುವುದು ಎಂದುಕೊಂಡಿದ್ದೆ. ಇದು ಹಾಗಿರಲಿಲ್ಲ. ಒಂದು ದ್ವೀಪ. ಅಲ್ಲಿ ಒಬ್ಬ ಉದ್ದ ಮೂಗಿನ, ಕಡ್ಡಿ ಕಾಲಿನ, ಕೆಲಸ ಕಳೆದುಕೊಂಡ ಅಡುಗೆಯವನು. ಅವನಿಗೆ ಹೇಗಾದರೂ ಮಾಡಿ ಆ ದ್ವೀಪ ಬಿಟ್ಟು ಹೋಗಬೇಕು. ಊರೆಲ್ಲ ತಿಕ್ಕಲು ಜನ. ಕೈಯಲ್ಲಿರುವ ಗುಂಡಿ ಒತ್ತಿ ಬಾಣದ ಗುರುತನ್ನು ಒಂದು ಬಾಗಿಲಿನ ಮೇಲೋ ಬುಟ್ಟಿಯ ಮೇಲೋ ಇಟ್ಟರೆ ಅವನು ಅಲ್ಲಿಗೆ ನಡೆದು ಹೋಗಿ ನೋಡುತ್ತಾನೆ, ಏನಾದರೂ ತಮಾಷೆ ಮಾತಾಡುತ್ತಾನೆ, ಸಿಕ್ಕ ವಸ್ತುವನ್ನು ಜೋಳಿಗೆಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಯಾವ ವಸ್ತುವನ್ನು ಎಲ್ಲಿ ಬಳಸಿದರೆ ದಾರಿ ಬಿಡುತ್ತದೆ ಎಂದು ನಾವು ತಲೆ ಓಡಿಸಬೇಕು. ಸಾವಿಲ್ಲ, ಸೋಲಿಲ್ಲ, ಅವಸರವಿಲ್ಲ. ತಪ್ಪು ಮಾಡಿದರೆ ಅವನು ಕೈಚೆಲ್ಲಿ ಒಂದು ಮಾತು ಹೇಳುತ್ತಾನೆ, ಅಷ್ಟೆ.

ಬಾಗಿಲ ಪಕ್ಕದ ಕುರ್ಚಿಯಿಂದ ಬೀದಿ ನೋಡುತ್ತಿದ್ದ ಅಮ್ಮ ಎರಡನೆಯ ದಿನ ಕುರ್ಚಿಯನ್ನು ಟೀವಿಯ ಕಡೆಗೆ ತಿರುಗಿಸಿದಳು. "ಯಾರೇ ಇವ್ನು, ಗಿಣಿಮೂಗ?" ಎಂದಳು. ಅವನಿಗೆ ಅದೇ ಹೆಸರಾಯಿತು. ಮೂರನೆಯ ದಿನ ಸುಮಿತ್ರ ಸೊಪ್ಪು ಬಿಡಿಸುವ ತಟ್ಟೆಯನ್ನು ಅಡುಗೆಮನೆಯಿಂದ ಹಾಲಿಗೆ ತಂದುಕೊಂಡಳು. ಮೇಘ ರಜೆ ಮುಗಿಸಿ ಹೊರಡುವಾಗ ಗುಂಡಿ ಒತ್ತುವುದನ್ನು ಸುಮಿತ್ರಳಿಗೆ ಕಲಿಸಿ ಹೋದಳು. ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುತ್ತಾರೆಂದು ನಾನು ಕಾದೆ. ಹಾಕಲಿಲ್ಲ.

ಒಂದು ಸಂಜೆ ನಾನು ಮನೆಗೆ ಬಂದು ಚಪ್ಪಲಿ ಬಿಟ್ಟೆ. ಕುರ್ಚಿಯಲ್ಲಿ ಅಮ್ಮ ಇಲ್ಲ. ಒಳಗೆ ದಿವಾನದ ಮೇಲೆ ಅತ್ತೆ ಸೊಸೆ ಪಕ್ಕಪಕ್ಕ ಕೂತಿದ್ದಾರೆ. ಒಂದೇ ತಟ್ಟೆಯಿಂದ ಹುರಿಗಡಲೆ ತಿನ್ನುತ್ತಿದ್ದಾರೆ. ನಾನು ಗಂಟಲು ಸರಿಮಾಡಿಕೊಂಡೆ. ಸುಮಿತ್ರ ತಿರುಗದೆಯೇ, "ಕಾಫಿ ಫ್ಲಾಸ್ಕಲ್ಲಿದೆ ರೀ" ಎಂದಳು. ಅಮ್ಮ ಅದೂ ಹೇಳಲಿಲ್ಲ.

ಅವರಿಗೆ ಆ ಹೊತ್ತು ದೊಡ್ಡ ಸಂಕಟ ಬಂದಿತ್ತು. ಬಂದರಿನಲ್ಲಿ ಒಂದು ಹಡಗು. ಅದರ ಯಜಮಾನ ಕಂಬದ ಮೇಲಿನ ಬಾವುಟ ನೆಟ್ಟಗೆ ನಿಂತರೆ ಮಾತ್ರ ಗಾಳಿ ಇದೆ ಎಂದು ನಂಬಿ ಹಡಗು ಬಿಡುವವನು. ಬಾವುಟ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದೆ. ಸುಮಿತ್ರ ತೆರೆಯ ಮೇಲಿನ ಇಂಗ್ಲಿಷನ್ನು ನಿಧಾನವಾಗಿ ಓದಿ ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನಾನು ಕಾಫಿ ಹಿಡಿದುಕೊಂಡು ಹಿಂದೆ ನಿಂತು, "ಫ್ಯಾನ್ ಹುಡುಕ್ರಿ. ಎಲ್ಲಾದ್ರೂ ಫ್ಯಾನ್ ಇರುತ್ತೆ" ಎಂದೆ. ಪದವೀಧರನ ಸಲಹೆ. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಹುರಿಗಡಲೆ ಅಗಿದು, "ಸುಮಿತ್ರ, ಆವತ್ತು ಅಡುಗೆಮನೇಲಿ ತಳಕ್ಕೆ ಹತ್ತಿದ ಗಂಜಿ ತಗೊಂಡಿದ್ನಲ್ಲ, ಇದೆಯಾ ಜೋಳಿಗೇಲಿ?" ಎಂದಳು.

"ಇದೆ ಅತ್ತೆ."

"ಬಾವುಟಕ್ಕೆ ಗಂಜಿ ಹಾಕಿಸು. ಬಿಸಿಲಿಗೆ ಒಣಗಿದ್ರೆ ಹಪ್ಪಳದ ಹಾಗೆ ನಿಂತ್ಕೊಳುತ್ತೆ. ಎಷ್ಟು ನೂಲಿಗೆ ಹಾಕಿಲ್ಲ ನಾನು."

ಸುಮಿತ್ರ ಹಾಗೇ ಮಾಡಿದಳು. ಬಾವುಟ ಹಲಗೆಯಂತೆ ನಿಂತಿತು. ಯಜಮಾನ ಟೋಪಿ ಹಾರಿಸಿ ಕುಣಿದು, ಇನ್ನು ಟಿಕೆಟ್ಟು ತಂದರೆ ಹಡಗು ಹತ್ತಬಹುದು ಎಂದ. ಸುಮಿತ್ರ, "ಅತ್ತೇ!" ಎಂದು ಕಿರುಚಿ ಅಮ್ಮನ ಕೈ ಹಿಡಿದುಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅಮ್ಮನ ಕೈ ಹಿಡಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಕಣ್ಣು ತುಂಬಿ ಬರಬೇಕಿತ್ತು. ಬರಲಿಲ್ಲ. ಎದೆಯ ಕೆಳಗೆ, ಹೊಟ್ಟೆಯ ಮೇಲೆ, ಏನೋ ಚುರುಗುಟ್ಟಿತು. ಕಾಫಿ ಬಿಸಿ ಇರಬೇಕು ಎಂದುಕೊಂಡೆ. ಫ್ಲಾಸ್ಕಿನ ಕಾಫಿ, ಆರಿ ಹೋಗಿತ್ತು.

ಅಲ್ಲಿಂದ ನನ್ನ ಪಂಚಾಯಿತಿಗೆ ಕಡತ ಬರುವುದು ನಿಂತಿತು. ಕಿಟಕಿಯ ವಿಷಯವನ್ನು ಅವರೇ ಮಾತಾಡಿಕೊಂಡರಂತೆ. ಬೆಳಿಗ್ಗೆ ತೆಗೆಯುವುದು, ಮಧ್ಯಾಹ್ನ ಮುಚ್ಚುವುದು. ಎರಡು ದಶಕ ನಾನು ನಡೆಸಿದ ಮೊಕದ್ದಮೆ ಎರಡು ನಿಮಿಷದಲ್ಲಿ ಇತ್ಯರ್ಥ. ಇಷ್ಟು ಸುಲಭವಾಗಿತ್ತೇ ಎಂದು ನನಗೇ ಅವಮಾನವಾಯಿತು. ಕಚೇರಿಯಲ್ಲಿ ರಂಗಪ್ಪ, "ಏನಪ್ಪಾ ಇವತ್ತು?" ಎಂದ. "ಏನಿಲ್ಲ, ಚೆನ್ನಾಗವ್ರೆ" ಎಂದೆ. ನಾಲ್ಕು ದಿನ ಹಾಗೇ ಹೇಳಿದ ಮೇಲೆ ಐದನೆಯ ದಿನ ಅವನು ಪಕ್ಕದ ಮೇಜಿನವರ ಮೂಲವ್ಯಾಧಿಯ ಕಡೆಗೆ ಕುರ್ಚಿ ತಿರುಗಿಸಿಕೊಂಡ. ಹುರಿದ ಮೆಣಸಿನಕಾಯಿಯೂ ಅತ್ತಲೇ ಹೋಯಿತು.

ಇನ್ನು ಸುಮ್ಮನಿರಬಾರದೆಂದು ನಾನು ಎರಡು ಪ್ರಯತ್ನ ಮಾಡಿದೆ. ಎರಡೂ ಹೇಳಿಕೊಳ್ಳುವಂಥವಲ್ಲ, ಆದರೂ ಹೇಳುತ್ತೇನೆ. ಮೊದಲನೆಯದು, ಅವರಿಬ್ಬರೂ ತೂಬಗೆರೆಯಲ್ಲಿ ಸಂಬಂಧಿಕರ ಮನೆಯ ಸೀಮಂತಕ್ಕೆ ಹೋದ ದಿನ. ಜೊತೆಯಾಗಿ ಹೋದದ್ದು, ಅದೂ ಒಂದೇ ಬಣ್ಣದ ಹೂ ಮುಡಿದುಕೊಂಡು. ನಾನು ಅರ್ಧ ದಿನ ರಜೆ ಹಾಕಿ ಮನೆಗೆ ಬಂದು ಬಾಗಿಲ ಚಿಲಕ ಹಾಕಿಕೊಂಡು ಆಟ ಶುರು ಮಾಡಿದೆ. ಅವರು ಬರುವಷ್ಟರಲ್ಲಿ ಮೂರು ಘಟ್ಟ ದಾಟಿ, "ಅಯ್ಯೋ, ಇದೇನು ಮಹಾ" ಎಂದು ಪತ್ರಿಕೆ ಓದುತ್ತ ಕೂತಿರಬೇಕು, ಇದು ನನ್ನ ಯೋಜನೆ. ಗಿಣಿಮೂಗನ ಜೋಳಿಗೆಯಲ್ಲಿ ಒಂದು ಸುತ್ತಿಗೆ ಇತ್ತು. ಬೀಗಕ್ಕೆ ಸುತ್ತಿಗೆ ಬಳಸಿದೆ. ಬಾತುಕೋಳಿಗೆ ಸುತ್ತಿಗೆ ಬಳಸಿದೆ. ಆ ದ್ವೀಪದ ಪೌರಾಧ್ಯಕ್ಷನಿಗೂ ಬಳಸಿ ನೋಡಿದೆ. ಪ್ರತಿ ಸಲವೂ ಅವನು ಕೈಚೆಲ್ಲಿ ಅದೇ ಮಾತು ಹೇಳಿದ. ಕನ್ನಡದಲ್ಲಿ ಹೇಳುವುದಾದರೆ, "ಅದೆಲ್ಲ ಆಗಲ್ಲ ಹೋಗಪ್ಪ." ಎರಡು ಗಂಟೆಯ ಕೊನೆಗೆ ಏನು ಒತ್ತಿದೆನೋ, ಅವನು ಬಾತುಕೋಳಿ ಕೊಳಕ್ಕೆ ಇಳಿದು ಕತ್ತಿನವರೆಗೆ ನೀರಿನಲ್ಲಿ ನಿಂತುಬಿಟ್ಟ. ಮೇಲೆ ಬರಲೊಲ್ಲ. ಅಷ್ಟರಲ್ಲಿ ಬಾಗಿಲು ಬಡಿದರು. ನಾನು ಟೀವಿ ಆರಿಸಿ ಪತ್ರಿಕೆ ಹಿಡಿದೆ.

ಅವರು ಸೀರೆಯನ್ನೂ ಬದಲಿಸದೆ ಟೀವಿ ಹಾಕಿದರು. "ಯಾರ್ರೀ ಇವನನ್ನ ನೀರಿಗಿಳಿಸಿದ್ದು?" ಎಂದಳು ಸುಮಿತ್ರ.

"ನಾನ್ಯಾಕೆ ಮುಟ್ಟಲಿ ಅದನ್ನ?" ಎಂದೆ ನಾನು.

ಅಮ್ಮ ತೆರೆಯ ಹತ್ತಿರ ಹೋಗಿ ನೋಡಿ, "ಅಯ್ಯೋ ಪಾಪ, ನೆನೆದು ಮುದ್ದೆಯಾಗವ್ನೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಪತ್ರಿಕೆ ತಲೆಕೆಳಗಾಗಿದೆ ಕಣೋ" ಎಂದಳು.

ಎರಡನೆಯ ಪ್ರಯತ್ನ ಇನ್ನೂ ಕೀಳು. ಒಂದು ಬೆಳಿಗ್ಗೆ ಅಡುಗೆಮನೆಗೆ ಹೋಗಿ ಹಳೆಯ ಧಾಟಿಯಲ್ಲಿ, ತಗ್ಗಿದ ದನಿಯಲ್ಲಿ, "ನಿನ್ನೆ ಸಾರು ಉಪ್ಪಾಗಿತ್ತು ಅಂತ ಅಮ್ಮ ಅಂತಿದ್ರು. ನೀನು ಮನಸ್ಸಿಗೆ ಹಚ್ಕೋಬೇಡ" ಎಂದೆ. ಹಿಂದೆಲ್ಲ ಇಷ್ಟು ಸಾಕಾಗುತ್ತಿತ್ತು, ಒಂದು ವಾರದ ಊಟದ ಹೊತ್ತಿಗೆ ಸಾಮಗ್ರಿ ಸಿಗುತ್ತಿತ್ತು. ಸುಮಿತ್ರ ಸೌಟು ಹಿಡಿದುಕೊಂಡೇ ಹಾಲಿಗೆ ಕೇಳುವಂತೆ, "ಅತ್ತೆ, ನಿನ್ನೆ ಸಾರು ಉಪ್ಪಾಗಿತ್ತಾ?" ಎಂದು ಕೂಗಿದಳು.

"ಇಲ್ವಲ್ಲಮ್ಮ! ಯಾರಂದಿದ್ದು?"

"ಇವರು."

"ಅದೆಲ್ಲ ಆಗಲ್ಲ ಹೋಗಪ್ಪ ಅನ್ನು ಅವನಿಗೆ" ಎಂದಳು ಅಮ್ಮ. ಅಡುಗೆಮನೆಯಲ್ಲೊಂದು ನಗು, ಹಾಲಿನಲ್ಲೊಂದು ನಗು. ನಡುವೆ ನಾನು.

ಇಷ್ಟರವರೆಗಿನದು ನಗುವ ವಿಷಯ. ಮುಂದಿನದು ಹಾಗಲ್ಲ.

ಆಟದಲ್ಲಿ ಅವರು ಒಂದು ಓಣಿಗೆ ಬಂದು ಮೂರು ದಿನದಿಂದ ಸಿಕ್ಕಿಹಾಕಿಕೊಂಡಿದ್ದರು. ಓಣಿಯ ಎಡಕ್ಕೆ ಬ್ರೆಡ್ಡು ಮಾಡುವ ಒಬ್ಬ ಹೆಂಗಸು, ಬಲಕ್ಕೆ ಮೀನಿನ ಬಲೆ ಹೆಣೆಯುವ ಅವಳ ಅಕ್ಕ. ಇಬ್ಬರಿಗೂ ಮಾತಿಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ಗಿಣಿಮೂಗನಿಗೆ ಮುಂದಿನ ಬಾಗಿಲಿನ ಬೀಗದ ಕೈ. ಅವನು ಇವಳ ಮಾತನ್ನು ಅವಳಿಗೂ ಅವಳ ಮಾತನ್ನು ಇವಳಿಗೂ ಒಯ್ಯಬೇಕು. ಹೇಗೆ ಹೇಳಬೇಕೆಂದು ನಾಲ್ಕು ಸಾಲು ಬರುತ್ತವೆ, ಒಂದನ್ನು ಆರಿಸಬೇಕು. ಯಾವುದನ್ನು ಆರಿಸಿದರೂ ಅವನು ಅದಕ್ಕೆ ತನ್ನದೊಂದು ಬಾಲ ಸೇರಿಸಿ ಹೇಳುತ್ತಾನೆ. ಇವಳು ಬ್ರೆಡ್ಡು ಎಸೆಯುತ್ತಾಳೆ, ಅವಳು ಮೀನು ಎಸೆಯುತ್ತಾಳೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರು ದಿವಾನದ ಮೇಲೆ, ನಾನು ಕುರ್ಚಿಯಲ್ಲಿ ಪತ್ರಿಕೆಯೊಡನೆ. ಈ ಸಲ ನೆಟ್ಟಗೇ ಹಿಡಿದಿದ್ದೆ.

ಅಮ್ಮ ಬಹಳ ಹೊತ್ತು ನೋಡಿ, "ಇವ್ನು ಬಾಯಿ ಬಿಡೋದ್ರಿಂದ್ಲೇ ಅಲ್ವಾ ಇಷ್ಟೆಲ್ಲ? ಜೋಳಿಗೇಲಿ ಅಂಟು ಮಿಠಾಯಿ ಇತ್ತಲ್ಲ, ಅದನ್ನ ಇವ್ನಿಗೇ ತಿನ್ನಿಸು" ಎಂದಳು.

ತಿನ್ನಿಸಿದರು. ಅವನ ಹಲ್ಲು ಕಚ್ಚಿಕೊಂಡಿತು. ಇವಳ ಬಾಗಿಲಿಗೆ ಹೋಗಿ "ಮ್ಮ್ ಮ್ಮ್" ಎಂದ. ಅವಳ ಬಾಗಿಲಿಗೆ ಹೋಗಿ "ಮ್ಮ್ ಮ್ಮ್" ಎಂದ. ಏನು ಹೇಳುತ್ತಿದ್ದಾನೆಂದು ತಿಳಿಯದೆ ಇಬ್ಬರೂ ಓಣಿಗೆ ಇಳಿದು ಬಂದರು. "ನನ್ನ ಬ್ರೆಡ್ಡು ಕಲ್ಲು ಅಂದೆಯಂತೆ?" "ನಾನೆಲ್ಲಿ ಅಂದೆ? ನಿನ್ನ ಮನೆ ಮುಂದಿನ ಕಲ್ಲು ಎಡವಿ ಬಿದ್ದೆ ಅಂದೆ." ಸುಮಿತ್ರ ಇದನ್ನು ಓದಿ ಓದಿ ಕನ್ನಡದಲ್ಲಿ ಹೇಳುತ್ತ ಬಂದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಇದ್ದಕ್ಕಿದ್ದಂತೆ ಸುಮಿತ್ರ ಓದುವುದನ್ನು ನಿಲ್ಲಿಸಿದಳು. ಕೈಯಲ್ಲಿದ್ದದ್ದನ್ನು ಪಕ್ಕಕ್ಕಿಟ್ಟಳು.

"ಅತ್ತೆ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಕೇಳಮ್ಮ."

"ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ, ನೀವು ನೇಯೋದು ನೋಡಿ ನನಗೂ ಒಂದು ಸೀರೆ ನಿಮ್ಮ ಕೈಯಿಂದ್ಲೇ ಬೇಕು ಅಂತ ತುಂಬ ಆಸೆಯಾಗಿತ್ತು. ನಾನೇ ಕೇಳೋಕೆ ನಾಚಿಕೆಯಾಗಿ ಕೇಳಿಸ್ದೆ. ಆರ್ಡರ್ ಜಾಸ್ತಿ ಇದೆ, ಮನೆಯವರಿಗೆಲ್ಲ ನೇಯ್ತಾ ಕೂರೋಕಾಗಲ್ಲ ಅಂದ್ರಂತೆ ನೀವು. ಹೌದಾ?"

ಅಮ್ಮ ನಗು ನಿಲ್ಲಿಸಿದಳು. "ನಾನಾ? ಮಗ್ಗದ ಸೀರೆ ಒರಟು, ನನಗೆ ಅಂಗಡೀದೇ ಸಾಕು ಅಂದಿದ್ದು ನೀನಲ್ವೇನಮ್ಮ? ಈರುಳ್ಳಿ ಬಣ್ಣದ ನೂಲು ತೆಗೆದಿಟ್ಟಿದ್ದೆ ನಿನಗೇ ಅಂತ. ಹಸಿರು ಅಂಚು. ನೀನು ಬೇಡ ಅಂದ್ಯಲ್ಲ ಅಂತ ಬೇರೆ ಯಾರಿಗೋ ಹಾಕಿಬಿಟ್ಟೆ. ಆಮೇಲೆ ಕೇಳೋಕೆ ಮನಸ್ಸು ಬರಲಿಲ್ಲ."

"ನಾನು ಬೇಡ ಅಂದೆ ಅಂತ ಯಾರು ಹೇಳಿದ್ದು ಅತ್ತೆ?"

"ನಾನು ಆಗಲ್ಲ ಅಂದೆ ಅಂತ ನಿನಗ್ಯಾರು ಹೇಳಿದ್ದು?"

ಎರಡು ತಲೆಗಳೂ ಒಟ್ಟಿಗೆ ತಿರುಗಿದ್ದು ಪತ್ರಿಕೆಯ ಈಚೆಯಿಂದಲೇ ನನಗೆ ಗೊತ್ತಾಯಿತು. ನಾನು ಟೊಮೆಟೊ ಧಾರಣೆ ಓದುತ್ತಿದ್ದೆ. ಬಹಳ ಹೊತ್ತು ಅದನ್ನೇ ಓದಿದೆ. ಅಂಟು ಮಿಠಾಯಿ ತಿಂದವನ ಹಾಗೆ ನನಗೂ ಬಾಯಿ ಬರಲಿಲ್ಲ.

ಹೌದು, ನಾನೇ. ಯಾಕೆ ಹಾಗೆ ಮಾಡಿದೆ ಎಂದು ಆ ಭಾನುವಾರದವರೆಗೆ ನಾನು ನನ್ನನ್ನೇ ಕೇಳಿಕೊಂಡಿರಲಿಲ್ಲ. ಕೇಳಿಕೊಂಡ ಮೇಲೆ ಉತ್ತರ ತಕ್ಷಣ ಸಿಕ್ಕಿತು, ಅದೇ ಕಷ್ಟವಾದದ್ದು. ಮದುವೆಯಾಗಿ ಒಂದು ತಿಂಗಳಾಗಿತ್ತು. ಕಚೇರಿಯಿಂದ ಬಂದು ನೋಡಿದರೆ ಮನೆಯಲ್ಲಿ ಯಾರೂ ಇಲ್ಲ. ಹಿಂದಿನ ಶೆಡ್ಡಿನಲ್ಲಿ ಮಗ್ಗದ ಸದ್ದು. ಬಾಗಿಲಲ್ಲಿ ಇಣುಕಿದೆ. ಅಮ್ಮ ಮಗ್ಗ ನಿಲ್ಲಿಸಿ ಸುಮಿತ್ರಳಿಗೆ ಅಂಚಿನ ಎಳೆಗಳನ್ನು ತೋರಿಸುತ್ತಿದ್ದಳು. ಸುಮಿತ್ರ ಬಗ್ಗಿ ಬೆರಳಿಟ್ಟು ನೋಡುತ್ತಿದ್ದಳು. ಇಬ್ಬರೂ ಏನಕ್ಕೋ ನಕ್ಕರು. ನಾನು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಅವತ್ತಿನವರೆಗೆ ಅಮ್ಮ ನನ್ನವಳಾಗಿದ್ದಳು, ಹೊಸದಾಗಿ ಹೆಂಡತಿ ನನ್ನವಳಾಗಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಆಗಿಬಿಟ್ಟರೆ ನನಗೆ ಯಾರು? ಇಷ್ಟು ಸ್ಪಷ್ಟವಾಗಿ ಯೋಚಿಸಿದೆನೆಂದಲ್ಲ. ಎರಡು ದಿನದ ಮೇಲೆ ಅಮ್ಮ, "ಅವಳಿಗೆ ಈರುಳ್ಳಿ ಬಣ್ಣ ಇಷ್ಟವಾ ಕೇಳು" ಎಂದಾಗ ಒಂದು ಸಣ್ಣ ಸುಳ್ಳು ಬಾಯಿಗೆ ಬಂತು. ಅದೇ ವಾರ ಸುಮಿತ್ರ ಕೇಳಿದಾಗ ಅದಕ್ಕೆ ಹೊಂದುವ ಇನ್ನೊಂದು. ಅಷ್ಟೆ. ಅವೆರಡು ಸುಳ್ಳಿನ ಮೇಲೆ ನಾನು ಇಪ್ಪತ್ತೆರಡು ವರ್ಷ ಪಂಚಾಯಿತಿ ಕಟ್ಟೆ ಕಟ್ಟಿಕೊಂಡು ಕೂತಿದ್ದೆ. ಪತ್ರಿಕೆ ಮಡಿಸಿಟ್ಟು ಇದನ್ನೆಲ್ಲ ತೊದಲಿಕೊಂಡು ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ.

ಅಮ್ಮ ಬೈಯಲಿಲ್ಲ. "ಈಗ ಕೈ ನಡುಗುತ್ತಲ್ಲೋ" ಎಂದಳು, ತನ್ನ ಕೈಯನ್ನೇ ನೋಡಿಕೊಂಡು. ಸುಮಿತ್ರ ಎದ್ದು ಒಳಗೆ ಹೋದಳು.

ಮಾರನೆಯ ದಿನದಿಂದ ಇಬ್ಬರೂ ನನ್ನೊಡನೆ ಮಾತು ಬಿಟ್ಟರು. ಬಿಟ್ಟರು ಎಂದರೆ ಪೂರ್ತಿ ಬಿಡಲಿಲ್ಲ. ನಾನು ತಟ್ಟೆಯ ಮುಂದೆ ಕೂತಿರುವಾಗ ಸುಮಿತ್ರ, "ಅತ್ತೆ, ಇನ್ನೊಂದು ಮುದ್ದೆ ಬೇಕಾ ಕೇಳಿ ಅವರನ್ನ" ಎನ್ನುವಳು. ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಕೂತಿರುವ ಅಮ್ಮ, "ಮುದ್ದೆ ಬೇಕಾ ಅಂತ ಕೇಳ್ತಾವ್ಳೆ ಕಣೋ" ಎನ್ನುವಳು. "ಅರ್ಧ ಸಾಕು" ಎಂದರೆ, "ಅರ್ಧ ಸಾಕಂತಮ್ಮ." ಒಂದಕ್ಷರ ಆಚೀಚೆ ಆಗುತ್ತಿರಲಿಲ್ಲ. ಮಾತು ದಾಟಿಸುವುದು ಹೇಗೆಂದು ನನಗೆ ಪಾಠ ಮಾಡುತ್ತಿದ್ದರೋ ಏನೋ. ಕಚೇರಿಯಲ್ಲಿ ರಂಗಪ್ಪನಿಗೆ ಇದನ್ನು ಹೇಳಬಹುದಿತ್ತು. ಒಳ್ಳೆಯ ಸಾಮಗ್ರಿ. ಯಾಕೋ ಹೇಳಲಿಲ್ಲ.

ಹತ್ತು ಹದಿನೈದು ದಿನದ ಮೇಲೆ ಅವರಿಬ್ಬರೂ ಮಧ್ಯಾಹ್ನದ ಹೊತ್ತು ಎಲ್ಲಿಗೋ ಹೋಗಿ ಬರತೊಡಗಿದರು. ಎಲ್ಲಿಗೆಂದು ನನಗೆ ಹೇಳಲಿಲ್ಲ, ನಾನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಒಂದು ಶನಿವಾರ ನನಗೆ ರಜೆ. ಸಂಜೆಯಾದರೂ ಬರದಿದ್ದಾಗ ಪಕ್ಕದ ಮನೆಯವರನ್ನು ಕೇಳಿದೆ. ಎರಡು ಬೀದಿ ಆಚೆ ನಮ್ಮ ದಾಯಾದಿಯೊಬ್ಬರ ಮಗ್ಗದ ಶೆಡ್ಡಿದೆ, ಅಲ್ಲಿರಬೇಕು ಎಂದರು. ಹೋದೆ. ಆರು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ಕಿವಿಯ ಹತ್ತಿರ ಕೂಗಿದರೂ ಕೇಳದು. ಮೂಲೆಯ ಮಗ್ಗದ ಮುಂದೆ ಸ್ಟೂಲಿನ ಮೇಲೆ ಅಮ್ಮ. ಮಗ್ಗವನ್ನು ನಡೆಸುತ್ತಿದ್ದವರು ಶೆಡ್ಡಿನವರೇ. ಅಮ್ಮ ಆಗಾಗ ಕೈಯೆತ್ತಿ ನಿಲ್ಲಿಸಿ, ಎಳೆ ನೋಡಿ, ನಡುಗುವ ಬೆರಳಿನಲ್ಲೇ ಕಡಿದದ್ದನ್ನು ಗಂಟು ಹಾಕುತ್ತಿದ್ದಳು. ಪಕ್ಕದಲ್ಲಿ ನಿಂತ ಸುಮಿತ್ರ ಗಂಟು ಬಿದ್ದ ತುದಿಯನ್ನು ಕತ್ತರಿಸುತ್ತಿದ್ದಳು. ಮಗ್ಗದ ಮೇಲೆ ಈರುಳ್ಳಿ ಬಣ್ಣ ಮೊಳದುದ್ದ ಇಳಿದಿತ್ತು. ಮಗ್ಗದ ಸದ್ದಿನಲ್ಲಿ ಬದುಕಿದವರು ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ಅಮ್ಮ ತುಟಿಯಲ್ಲೇ ಏನೋ ಹೇಳಿದಳು. ಆಶ್ಚರ್ಯವೆಂದರೆ ಸುಮಿತ್ರಳಿಗೂ ಅದು ತಿಳಿಯಿತು. ಇಬ್ಬರೂ ಸದ್ದಿಲ್ಲದೆ ನಕ್ಕರು.

ಬಾಗಿಲಲ್ಲಿ ನಿಂತ ನನಗೆ ಸಂತೋಷವಾಯಿತು ಎಂದು ಬರೆದರೆ ಕೇಳಲು ಚೆಂದ. ಸಂತೋಷವೂ ಆಯಿತು. ಆದರೆ ಅದರ ಪಕ್ಕದಲ್ಲೇ ಅದೇ ಹಳೆಯ ಚುರುಕು, ಅದೇ ಜಾಗದಲ್ಲಿ. ಕೂದಲು ಬೆಳ್ಳಗಾಯಿತು, ಮಂಡಿ ಸವೆಯಿತು, ಹೊಟ್ಟೆಕಿಚ್ಚು ಮಾತ್ರ ಮೊನ್ನೆ ಹುಟ್ಟಿದಂತೆ ಗುಂಡುಗುಂಡಾಗಿತ್ತು. ಒಂದೇ ವ್ಯತ್ಯಾಸ. ಆವತ್ತು ಇಣುಕಿ ವಾಪಸು ಹೋಗಿದ್ದೆ. ಈ ಸಲ ಒಳಗೆ ಹೋಗಿ ಒಂದು ಮೂಲೆಯಲ್ಲಿ ನಿಂತುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಸುಮಿತ್ರ ನನ್ನನ್ನು ನೋಡಿ, ಕತ್ತರಿಸಿದ ನೂಲಿನ ತುಂಡುಗಳನ್ನು ನನ್ನ ಅಂಗೈಗೆ ಸುರಿದಳು, ಹಿಡಿದುಕೊಂಡಿರಿ ಎಂಬಂತೆ. ಹಿಡಿದುಕೊಂಡೆ. ಮನೆಗೆ ಬರುವಾಗ ಅವಳೇ ನೇರವಾಗಿ, "ನಡೀರಿ, ಕತ್ತಲಾಗುತ್ತೆ" ಎಂದಳು. ಮಾತು ಬಿಟ್ಟದ್ದು ಹಾಗೆ ಮುಗಿಯಿತು.

ಸಂಕ್ರಾಂತಿಗೆ ಅವಳು ಆ ಸೀರೆ ಉಟ್ಟಳು. ಅಂಚಿನಲ್ಲಿ ಎರಡು ಕಡೆ ಗಂಟು ಕಾಣುತ್ತದೆ, ಅದನ್ನೇ ಎಲ್ಲರಿಗೂ ತೋರಿಸುತ್ತಾಳೆ. ಗಿಣಿಮೂಗನೂ ದ್ವೀಪ ಬಿಟ್ಟು ಹೋದ. ಅಮ್ಮನಿಗೆ ಮನೆ ಖಾಲಿಯಾದಂತಾಗಿ, "ಮತ್ತೆ ಮೊದಲಿಂದ ಕರ್ಕೊಂಡು ಬಾಮ್ಮ ಅವ್ನನ್ನ" ಎಂದಳು. ಎರಡನೆಯ ಸುತ್ತು ಈಗ ನಡೆಯುತ್ತಿದೆ. ಸುಮಿತ್ರಳಿಗೆ ಇತ್ತೀಚೆಗೆ ಸಣ್ಣ ಅಕ್ಷರ ಓದಿದರೆ ತಲೆನೋವು. ಹೀಗಾಗಿ ನನಗೆ ಒಂದು ಹುದ್ದೆ ಸಿಕ್ಕಿದೆ. ತೆರೆಯ ಮೇಲಿನ ಇಂಗ್ಲಿಷನ್ನು ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳುವುದು. ದಿವಾನದ ಮೇಲಲ್ಲ, ಕೆಳಗೆ ಚಾಪೆಯ ಮೇಲೆ ಕೂತು. ನಾನು ಒಂದೊಂದು ಸಾಲು ಹೇಳಿದಾಗಲೂ ಅಮ್ಮ ಸುಮಿತ್ರಳ ಕಡೆ ತಿರುಗಿ, "ಹಾಗೇ ಇದೆಯೇನಮ್ಮ ಅಲ್ಲಿ?" ಎಂದು ಕೇಳುತ್ತಾಳೆ. ಸುಮಿತ್ರ ಕನ್ನಡಕ ಸರಿಮಾಡಿ ನೋಡಿ, "ಹೂಂ ಅತ್ತೆ" ಎಂದ ಮೇಲೆಯೇ ಆಟ ಮುಂದಕ್ಕೆ.

ಮೊನ್ನೆ ಸಂಜೆ ಹಡಗಿನ ಯಜಮಾನ ಗಿಣಿಮೂಗನನ್ನು, "ನಿನ್ನಿಂದ ಏನು ಉಪಯೋಗ?" ಎಂದು ಕೇಳುವ ಜಾಗ ಬಂತು. ಗಿಣಿಮೂಗ ಇಂಗ್ಲಿಷಿನಲ್ಲಿ ಹೇಳುವುದು, "ಇದುವರೆಗೆ ನನ್ನಿಂದ ಯಾರಿಗೂ ಏನೂ ಉಪಯೋಗ ಆಗಿಲ್ಲ" ಎಂದು. ನಾನು ಓದಿದೆ. ಆಮೇಲೆ, "ನಾನಿಲ್ದೆ ಈ ಊರಲ್ಲಿ ಯಾವ ಕೆಲಸಾನೂ ನಡೆಯಲ್ಲ ಅಂತಾನೆ ಅಮ್ಮ" ಎಂದೆ.

ಅಮ್ಮ ನನ್ನನ್ನೊಮ್ಮೆ ನೋಡಿ ಸುಮಿತ್ರಳ ಕಡೆ ತಿರುಗಿದಳು. "ಹಾಗೇ ಇದೆಯೇನಮ್ಮ?"

ಸುಮಿತ್ರ ತೆರೆ ನೋಡಿದಳು. ನನ್ನನ್ನು ನೋಡಿದಳು. ನಾನು ಚಾಪೆಯ ಎಳೆ ಕೀಳುತ್ತಿದ್ದೆ. "ಹೂಂ ಅತ್ತೆ, ಹಾಗೇ ಇದೆ" ಎಂದಳು.

ನನಗೆ ಎದೆ ತುಂಬಿ ಬಂತು. ನನಗಾಗಿ ಒಂದು ಸುಳ್ಳು ಹೇಳುವಷ್ಟು ಪ್ರೀತಿ ಇನ್ನೂ ಉಳಿದಿದೆಯಲ್ಲ ಎಂದುಕೊಂಡು ಮುಂದಿನ ಸಾಲು ಓದಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಬಗ್ಗಿ ಅಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಅಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು, ಸುಮಿತ್ರಳೂ ನಕ್ಕಳು. ಏನು ಹೇಳಿದಳೆಂದು ಮೂರು ದಿನದಿಂದ ಇಬ್ಬರನ್ನೂ ಬೇರೆಬೇರೆಯಾಗಿ ಕೇಳುತ್ತಿದ್ದೇನೆ. ಅಮ್ಮ, "ಅವಳನ್ನೇ ಕೇಳು" ಎನ್ನುತ್ತಾಳೆ. ಅವಳು, "ಅತ್ತೇನೇ ಕೇಳಿ" ಎನ್ನುತ್ತಾಳೆ.